ಕೈಬೆರಳ ಗೌಟ್ ಗಂಟುಗಳಿಗೆ ಆಪರೇಷನ್ ಮಾಡಿಸಬೇಕಾ?

ಪ್ರಶ್ನೆ: ನಮ್ಮ ತಂದೆಗೆ 62 ವರ್ಷ. ಹದಿನೈದು ವರ್ಷಗಳಿಂದ ಗೌಟ್ ಇದೆ. ಮೊದಲೆಲ್ಲ ಕಾಲಿನ ಹೆಬ್ಬೆರಳು ಊದಿಕೊಳ್ಳುತ್ತಿತ್ತು. ಈಗ ಎರಡೂ ಕೈಗಳ ಬೆರಳುಗಳ ಮೇಲೆ ಗಂಟುಗಳಾಗಿವೆ. ಬಲಗೈ ತೋರುಬೆರಳ ತುದಿಯ ಗಂಟು ಒಡೆದು, ಎರಡು ತಿಂಗಳಿಂದ ಬಿಳಿ ಪೇಸ್ಟಿನಂಥದ್ದು ಬರುತ್ತಿದೆ. ಅದೇ ಕೈಯ ನಡುಬೆರಳು ಮಡಚಲು ಆಗುವುದಿಲ್ಲ. ಇತ್ತೀಚೆಗೆ ರಾತ್ರಿ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ ಎನ್ನುತ್ತಾರೆ. ಯೂರಿಕ್ ಆಸಿಡ್ 9.4 ಇದೆ. ಕ್ರಿಯಾಟಿನಿನ್ ಸ್ವಲ್ಪ ಜಾಸ್ತಿ. ಬಿಪಿಗೆ ಮಾತ್ರೆ ಇದೆ. ಅಲೋಪುರಿನಾಲ್ 100 ಮಿಲಿಗ್ರಾಂ ಮಾತ್ರೆಯನ್ನು ನೋವು ಬಂದಾಗ ಮಾತ್ರ ನುಂಗುತ್ತಾರೆ. ಒಬ್ಬ ಡಾಕ್ಟರು ಗಂಟುಗಳನ್ನೆಲ್ಲ ಕತ್ತರಿಸಿ ತೆಗೆಸಿಬಿಡಿ ಅಂದರು. ಇನ್ನೊಬ್ಬರು ಗೌಟ್ ಗಂಟಿಗೆ ಚಾಕು ಮುಟ್ಟಿಸಲೇಬೇಡಿ, ಗಾಯ ಮಾಯುವುದಿಲ್ಲ ಅಂದರು. ಯಾರ ಮಾತು ಕೇಳಬೇಕು? ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಸಬಹುದಾ?

ಉತ್ತರ: ಎಲ್ಲವನ್ನೂ ಒಂದೇ ಸಲಕ್ಕೆ ತೆಗೆಸುವುದು ಬೇಡ. ಚಾಕು ಮುಟ್ಟಿಸಲೇಬಾರದು ಅನ್ನುವುದೂ ಸರಿಯಲ್ಲ. ನಿಮ್ಮ ತಂದೆಯವರ ಕೈಯಲ್ಲಿರುವುದು ಒಂದು ತೊಂದರೆ ಅಲ್ಲ, ನಾಲ್ಕು: ರಾತ್ರಿಯ ಜೋಮು, ಒಡೆದ ತೋರುಬೆರಳು, ಮಡಚದ ನಡುಬೆರಳು, ಸುಮ್ಮನೆ ಕೂತಿರುವ ಉಳಿದ ಗಂಟುಗಳು. ಒಬ್ಬ ಡಾಕ್ಟರು ಒಂದನ್ನು ನೋಡಿ ಹೇಳಿದ್ದಾರೆ, ಇನ್ನೊಬ್ಬರು ಇನ್ನೊಂದನ್ನು ನೋಡಿ ಹೇಳಿದ್ದಾರೆ, ಅಷ್ಟೇ. ಕೈ ಆಪರೇಷನ್ ಮಾಡುವ ನಮ್ಮಂಥವರು ಗಂಟು ಎಷ್ಟು ದಪ್ಪ ಇದೆ ಎಂದು ಮೊದಲು ನೋಡುವುದಿಲ್ಲ. ಅದು ಅಲ್ಲಿ ಕೂತು ಏನು ಮಾಡುತ್ತಿದೆ ಎಂದು ನೋಡುತ್ತೇವೆ. ಗೋಲಿ ಗಾತ್ರದ ಗಂಟು ಬೆರಳ ಬೆನ್ನ ಮೇಲೆ ಸುಮ್ನೆ ಕೂತಿದ್ದರೆ ಹಾಗೇ ಬಿಟ್ಟುಬಿಡುತ್ತೇವೆ. ಅದರ ಕಾಲು ಭಾಗದಷ್ಟು ಇರುವುದು ನರವನ್ನು ಒತ್ತುತ್ತಿದ್ದರೆ ಬಿಡುವುದಿಲ್ಲ.

ಆ ಲೆಕ್ಕದಲ್ಲಿ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಬಿಳಿ ಪೇಸ್ಟಿನ ಕಡೆಗಲ್ಲ, ರಾತ್ರಿಯ ಜೋಮಿನ ಕಡೆಗೆ. ಕೈಯ ತೊಂದರೆಗಳಲ್ಲಿ ನೀವು ಅದನ್ನು ಕೊನೆಯದಾಗಿ ಬರೆದಿದ್ದೀರಿ. ಎಲ್ಲರೂ ಹಾಗೇ ಮಾಡುತ್ತಾರೆ, ಯಾಕೆಂದರೆ ಜೋಮು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ಗಂಟು ಅಂದರೆ ಏನು ಎಂದು ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಉಳಿದ ಅರ್ಧ ತಾನಾಗಿಯೇ ತಿಳಿಯುತ್ತದೆ.

ನೀರಿಗೆ ಉಪ್ಪು ಹಾಕುತ್ತಾ ಹೋದರೆ ಒಂದು ಮಟ್ಟದ ನಂತರ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ ಅಲ್ವಾ? ದೇಹದಲ್ಲೇ ತಯಾರಾಗಿ ಮುಖ್ಯವಾಗಿ ಮೂತ್ರದಲ್ಲಿ ಹೊರಹೋಗುವ ಯೂರಿಕ್ ಆಸಿಡ್ ಕೂಡ ರಕ್ತದಲ್ಲಿ ಹಾಗೆಯೇ. ಮೈಯ ಬಿಸಿಯಲ್ಲಿ ಒಂದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಅದು ಕರಗಿರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಸೂಜಿಯಂಥ ಹರಳುಗಳಾಗಿ ಕೂರಲು ಶುರುವಾಗುತ್ತದೆ. ಕೀಲುಗಳಲ್ಲಿ ಆ ಹರಳು ಕೆರಳಿಸುವ ನೋವು, ಊತವೇ ಗೌಟ್. ತಣ್ಣಗಿರುವ ಜಾಗದಲ್ಲಿ ಹರಳು ಇನ್ನೂ ಬೇಗ ಕೂರುತ್ತದೆ. ಕೈಬೆರಳು, ಕಾಲ್ಬೆರಳು, ಕಿವಿಯ ಅಂಚು ಮೈಯ ತಣ್ಣನೆಯ ಜಾಗಗಳು. ವರ್ಷಗಟ್ಟಲೆ ಹರಳು ಕೂತು ಕೂತು, ಸುತ್ತಲೂ ದೇಹ ಒಂದು ಗೂಡು ಕಟ್ಟಿದಾಗ ಅದು ಗಂಟಾಗುತ್ತದೆ. ಡಾಕ್ಟರುಗಳು ಅದನ್ನು ಟೋಫಸ್ ಎನ್ನುತ್ತಾರೆ, ಹಲವು ಇದ್ದರೆ ಟೋಫೈ. ಸೂಕ್ಷ್ಮದರ್ಶಕದ ಲೇವೆನ್‌ಹುಕ್ 1679ರಲ್ಲೇ ಇಂಥ ಗಂಟಿನ ಬಿಳಿ ಪುಡಿಯನ್ನು ನೋಡಿ, ಒಳಗೆ ಉದ್ದುದ್ದ ಚೂಪು ಕಡ್ಡಿಗಳಿವೆ ಎಂದು ಬರೆದಿಟ್ಟಿದ್ದ. ಅದು ಯಾವ ವಸ್ತು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. 1797ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ ಅದರಲ್ಲಿ ಯೂರಿಕ್ ಆಸಿಡ್ ಇದೆ ಎಂದು ಕಂಡುಹಿಡಿದ.

ಅಂದರೆ ಗಂಟು ತಳದಲ್ಲಿ ಕೂತ ಉಪ್ಪು ಇದ್ದ ಹಾಗೆ. ಮೇಲಿನ ನೀರು ಇನ್ನೂ ಅಷ್ಟೇ ಗಟ್ಟಿಯಾಗಿರುವಾಗ ತಳ ಕೆರೆದರೆ ಏನು ಪ್ರಯೋಜನ? ಮತ್ತೆ ಕೂರುತ್ತದೆ. ನಿಮ್ಮ ತಂದೆಯವರ ಮಟ್ಟ 9.4. ಈ ಮಟ್ಟದಲ್ಲಿ ನಾನು ಇವತ್ತು ಎಷ್ಟೇ ಚೆನ್ನಾಗಿ ಗಂಟು ತೆಗೆದರೂ ನಾಳೆಯಿಂದಲೇ ಹೊಸದಾಗಿ ಕಟ್ಟಲು ಶುರು. ಆಪರೇಷನ್ ಗೌಟ್ ಕಾಯಿಲೆಗೆ ಚಿಕಿತ್ಸೆ ಅಲ್ಲವೇ ಅಲ್ಲ. ಗೌಟ್ ಮಾಡಿಟ್ಟ ಹಾನಿಯಲ್ಲಿ ಒಂದಷ್ಟನ್ನು ಸರಿಪಡಿಸುವ ರಿಪೇರಿ ಕೆಲಸ ಅದು.

ಇದರ ಇನ್ನೊಂದು ಮುಖ ಒಳ್ಳೆಯದು. ನೀರು ತೆಳುವಾದರೆ ತಳದ ಉಪ್ಪು ತಾನಾಗಿ ಕರಗುತ್ತದೆ. ರಕ್ತದ ಯೂರಿಕ್ ಆಸಿಡ್ ಅನ್ನು ಇಳಿಸಿ ಅಲ್ಲೇ ಹಿಡಿದಿಟ್ಟರೆ ಗಂಟುಗಳು ಕರಗುತ್ತವೆ. ಕಲ್ಲಿನಂತಿದ್ದ ಗಂಟು ಮೆತ್ತಗಾಗಿ, ಸಣ್ಣಗಾಗಿ, ಕೊನೆಗೆ ಬರೀ ಸಡಿಲ ಚರ್ಮ ಉಳಿದಿದ್ದನ್ನು ನಾನು ಎಷ್ಟೋ ಕೈಗಳಲ್ಲಿ ನೋಡಿದ್ದೇನೆ. ಗಂಟು ಇಲ್ಲದವರಿಗೆ 6ಕ್ಕಿಂತ ಕೆಳಗೆ ಇದ್ದರೆ ಸಾಕು. ಗಂಟುಗಳು ಇರುವವರಿಗೆ 5ಕ್ಕಿಂತ ಕೆಳಗೆ ಇಡಬೇಕು. ಎಷ್ಟು ಕೆಳಗೆ ಇಡುತ್ತೀರೋ ಅಷ್ಟು ಬೇಗ ಕರಗುತ್ತದೆ. ಆದರೆ ಬೇಗ ಅಂದರೆ ವಾರಗಳಲ್ಲಿ ಅಲ್ಲ. ಸಣ್ಣವು ತಿಂಗಳುಗಳಲ್ಲಿ, ದೊಡ್ಡವು ಎರಡು ಮೂರು ವರ್ಷಗಳಲ್ಲಿ. ಹದಿನೈದು ವರ್ಷ ಕೂತಿದ್ದು ಹದಿನೈದು ದಿನದಲ್ಲಿ ಏಳುವುದಿಲ್ಲ.

ಇಲ್ಲಿ ನಿಮ್ಮ ತಂದೆಯವರ ಮೇಲೆ ನನ್ನದೊಂದು ದೂರು. ಅಲೋಪುರಿನಾಲ್ ನೋವಿನ ಮಾತ್ರೆ ಅಲ್ಲ, ಯೂರಿಕ್ ಆಸಿಡ್ ಇಳಿಸುವ ಮಾತ್ರೆ. ನೋವು ಬಂದಾಗ ನುಂಗಿ, ಹೋದಾಗ ಬಿಟ್ಟರೆ ಲಾಭ ಇಲ್ಲ ಅಷ್ಟೇ ಅಲ್ಲ, ಯೂರಿಕ್ ಆಸಿಡ್ ಮೇಲೆ ಕೆಳಗೆ ಕುಣಿದು ಇನ್ನೊಂದು ಊತ ಬರುವ ಸಾಧ್ಯತೆಯೂ ಇದೆ. ಈ ಮಾತ್ರೆ 1966ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅಷ್ಟು ಒಳ್ಳೆಯ ಔಷಧವನ್ನು ನಾವು ಹೀಗೆ ಬಿಟ್ಟು ಬಿಟ್ಟು ನುಂಗುತ್ತೇವೆ. ದಿನವೂ ತೆಗೆದುಕೊಳ್ಳಬೇಕು. ಕ್ರಿಯಾಟಿನಿನ್ ಜಾಸ್ತಿ ಅಂದರೆ ಕಿಡ್ನಿ ಸ್ವಲ್ಪ ಸೋತಿದೆ ಎಂದು, ಆದ್ದರಿಂದ ಡಾಕ್ಟರು 50 ಅಥವಾ 100 ಮಿಲಿಗ್ರಾಂನಿಂದ ಶುರು ಮಾಡಿ, ಕೆಲವು ವಾರಗಳಿಗೊಮ್ಮೆ ರಕ್ತ ನೋಡುತ್ತಾ ಮೇಲೇರಿಸುತ್ತಾರೆ. 100ರಲ್ಲೇ ನಿಂತುಬಿಡುವುದು ತೀರಾ ಸಾಮಾನ್ಯ ತಪ್ಪು. ಅನೇಕರಿಗೆ 300 ಅಥವಾ ಅದಕ್ಕೂ ಜಾಸ್ತಿ ಬೇಕಾಗುತ್ತದೆ. ಹೊಸದಾಗಿ ಶುರು ಮಾಡಿದ ಮೊದಲ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದಲ್ಲಿ ಕಾಲ್ಚಿಸಿನ್ ಎಂಬ, ಗೌಟ್ ಊತ ತಡೆಯುವ ಮಾತ್ರೆ ಜೊತೆಗಿದ್ದರೆ ಊತ ಬರುವುದು ಕಡಿಮೆ. ಕಿಡ್ನಿ ನೋಡಿಕೊಂಡು ಅದರ ಪ್ರಮಾಣ ನಿರ್ಧರಿಸಬೇಕು. ಅಲೋಪುರಿನಾಲ್ ಶುರು ಮಾಡಿದ ಮೇಲೆ ಮೈಮೇಲೆ ಕೆಂಪು ದದ್ದು ಎದ್ದರೆ ಆ ಕ್ಷಣವೇ ಮಾತ್ರೆ ನಿಲ್ಲಿಸಿ ಡಾಕ್ಟರನ್ನು ನೋಡಬೇಕು. ಅಪರೂಪ, ಆದರೆ ಆ ಅಲರ್ಜಿ ಬಹಳ ಕೆಟ್ಟದ್ದು. ಕೆಲವು ಜನಾಂಗಗಳಲ್ಲಿ ಅದಕ್ಕೆ ಕಾರಣವಾಗುವ ಒಂದು ಜೀನ್ ಜಾಸ್ತಿ ಕಾಣುತ್ತದೆ, ಅಂಥವರಿಗೆ ಮೊದಲೇ ರಕ್ತ ಪರೀಕ್ಷೆ ಮಾಡುತ್ತಾರೆ. ಅಲೋಪುರಿನಾಲ್ ಒಗ್ಗದಿದ್ದರೆ ಅದೇ ಕೆಲಸ ಮಾಡುವ ಫೆಬುಕ್ಸೊಸ್ಟಾಟ್ ಎಂಬ ಮಾತ್ರೆ ಇದೆ, ಆದರೆ ಹೃದಯದ ಕಾಯಿಲೆ ಇದ್ದವರು ವಿಚಾರಿಸಿಯೇ ತೆಗೆದುಕೊಳ್ಳಬೇಕು. ಯಾವುದಕ್ಕೂ ಬಗ್ಗದ ಗೌಟ್‌ಗೆ ಪೆಗ್ಲೊಟಿಕೇಸ್ ಎಂಬ ಡ್ರಿಪ್ ಔಷಧ ಇದೆ. ಅದು ಕೆಲಸ ಮಾಡಿದರೆ ಗಂಟುಗಳು ತಿಂಗಳುಗಳಲ್ಲೇ ಕರಗುತ್ತವೆ, ಆದರೆ ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಎಲ್ಲರ ಮೈಗೂ ಒಗ್ಗುವುದಿಲ್ಲ.

ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಅದು ಮೂತ್ರ ಜಾಸ್ತಿ ಮಾಡಿಸುವ ಜಾತಿಯದಾಗಿದ್ದರೆ ಯೂರಿಕ್ ಆಸಿಡ್ ಏರಲು ಅದೂ ಒಂದು ಕಾರಣ. ಬದಲಿಸಲು ಆಗುತ್ತದೆಯಾ ಎಂದು ಕೇಳಿ. ಲೊಸಾರ್ಟಾನ್ ಎಂಬ ಬಿಪಿ ಮಾತ್ರೆ ಯೂರಿಕ್ ಆಸಿಡ್ ಅನ್ನು ಸ್ವಲ್ಪ ಇಳಿಸುತ್ತದೆ ಕೂಡ. ನೀವಾಗಿಯೇ ನಿಲ್ಲಿಸಬೇಡಿ.

ಈಗ ಜೋಮಿನ ವಿಷಯ. ಮಣಿಕಟ್ಟಿನ ಅಂಗೈ ಕಡೆ ಒಂದು ಇಕ್ಕಟ್ಟಾದ ಸುರಂಗ ಇದೆ. ಅದರೊಳಗೆ ಬೆರಳು ಮಡಚುವ ಒಂಬತ್ತು ಟೆಂಡನ್‌ಗಳೂ ಒಂದು ನರವೂ ಒತ್ತೊತ್ತಾಗಿ ಹೋಗುತ್ತವೆ. ಟೆಂಡನ್ ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ. ಆ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳ ಅರ್ಧಕ್ಕೆ ಸ್ಪರ್ಶ ಕೊಡುತ್ತದೆ. ಗೌಟ್ ಹರಳು ಈ ಟೆಂಡನ್‌ಗಳ ಮೇಲೆ, ಅವುಗಳ ಕವಚದೊಳಗೆ ಕೂತರೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ನರ ನಲುಗುತ್ತಿರುತ್ತದೆ. ಮೊದಲು ರಾತ್ರಿ ಜೋಮು, ಆಮೇಲೆ ಹಗಲಲ್ಲೂ, ಆಮೇಲೆ ಸದಾ ಮರಗಟ್ಟಿದಂತೆ. ಕೊನೆಗೆ ಹೆಬ್ಬೆರಳ ಬುಡದ ಮಾಂಸದ ದಿಂಬು ಇಳಿದುಹೋಗುತ್ತದೆ. ಎರಡೂ ಅಂಗೈಗಳನ್ನು ಪಕ್ಕಪಕ್ಕ ಇಟ್ಟು ಆ ದಿಂಬನ್ನು ಹೋಲಿಸಿ ನೋಡಿ. ಬಲಗಡೆ ಚಪ್ಪಟೆಯಾಗಿದ್ದರೆ ತಡ ಮಾಡಬೇಡಿ. ಜೋಮು ಬರೀ ರಾತ್ರಿ ಬಂದು, ಕೈ ಕೊಡವಿದರೆ ಹೋಗುತ್ತಿದ್ದರೆ ಇನ್ನೂ ಸ್ವಲ್ಪ ಸಮಯ ಇದೆ. ರಾತ್ರಿ ಮಣಿಕಟ್ಟನ್ನು ನೇರ ಇಡುವ ಪಟ್ಟಿ ಕಟ್ಟಿ, ನರದ ಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಮಾಡಿಸಬಹುದು.

ಸಾಮಾನ್ಯವಾಗಿ ಈ ಸುರಂಗದ ಆಪರೇಷನ್ ತೀರಾ ಚಿಕ್ಕದು. ದುರ್ಬೀನು ಹಾಕಿ ಸಣ್ಣ ತೂತಿನಿಂದಲೂ ಮಾಡುತ್ತಾರೆ. ಗೌಟ್ ಇದ್ದಾಗ ನಾನು ತೆರೆದೇ ಮಾಡುತ್ತೇನೆ. ಮೇಲಿನ ಬಿಗಿ ಪಟ್ಟಿಯನ್ನು ಕತ್ತರಿಸಿದರೆ ಸಾಲದು, ಒಳಗೆ ಕೂತಿರುವುದನ್ನು ಕಣ್ಣಾರೆ ನೋಡಿ ಕೆರೆದು ತೆಗೆಯಬೇಕು. ಟೆಂಡನ್‌ಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ನರ ಚೇತರಿಸುವುದು ನಿಧಾನ. ಒಳಗಿನ ಎಳೆಗಳೇ ಸತ್ತಿದ್ದರೆ ಅವು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಇದ್ದರೆ ಆರು ತಿಂಗಳು ಆಯಿತಲ್ಲ. ಇಳಿದುಹೋದ ದಿಂಬು ಪೂರ್ತಿ ತುಂಬಿಕೊಳ್ಳುವುದು ಕಷ್ಟ. ಆದ್ದರಿಂದಲೇ ಇದಕ್ಕೆ ಆತುರ, ಉಳಿದ ಗಂಟುಗಳಿಗೆ ಇಲ್ಲ.

ತೋರುಬೆರಳ ತುದಿ ಒಡೆದಿರುವುದಕ್ಕೆ ಬರೋಣ. ಆ ಬಿಳಿ ಪೇಸ್ಟ್ ಕೀವು ಅಲ್ಲ, ಹರಳು. ಸೀಮೆಸುಣ್ಣವನ್ನು ನೀರಲ್ಲಿ ಕಲಸಿದಂತಿರುತ್ತದೆ, ವಾಸನೆ ಇರುವುದಿಲ್ಲ. ಅದಕ್ಕೆಂದು ಆಂಟಿಬಯೋಟಿಕ್ ಮೇಲೆ ಆಂಟಿಬಯೋಟಿಕ್ ನುಂಗಿ ಬಂದವರನ್ನು ನೋಡಿದ್ದೇನೆ. ಹರಳಿಗೆ ಆಂಟಿಬಯೋಟಿಕ್ ಏನು ಮಾಡೀತು? ಬಿಳಿ ಬಂದರೆ ಬರಲಿ. ಶುದ್ಧ ನೀರಲ್ಲಿ ತೊಳೆದು, ಅಂಟಿಕೊಳ್ಳದ ಗಾಜ್ ಇಟ್ಟು, ಸಡಿಲವಾಗಿ ಕಟ್ಟಿ. ಹಿಂಡಬೇಡಿ. ಹಿಂಡಿದರೆ ಇನ್ನಷ್ಟು ಬರುತ್ತದೆ, ಖುಷಿಯೂ ಆಗುತ್ತದೆ, ಆದರೆ ಬಾಯಿ ದೊಡ್ಡದಾಗಿ ಸೋಂಕಿಗೆ ದಾರಿ ಆಗುತ್ತದೆ.

ಸೋಂಕು ಬಂದಾಗ ಲಕ್ಷಣ ಬೇರೆ. ಬಿಳಿ ಹೋಗಿ ಹಳದಿ ಅಥವಾ ಹಸಿರು, ವಾಸನೆ, ಟಪಟಪ ಬಡಿಯುವ ನೋವು, ಕೆಂಪು ಬೆರಳಿಂದ ಕೈಗೆ ಹರಡುವುದು, ಜ್ವರ. ತೊಂದರೆ ಏನೆಂದರೆ ಗೌಟ್ ಕೆರಳಿದಾಗಲೂ ಬೆರಳು ಕೆಂಪಾಗಿ, ಬಿಸಿಯಾಗಿ ಊದುತ್ತದೆ. ಎರಡೂ ಒಂದೇ ಬೆರಳಲ್ಲಿ ಒಟ್ಟಿಗೆ ಇರಬಹುದು. ಅಂಥ ಕೀಲಿನಿಂದ ನೀರು ತೆಗೆದು ಹರಳು ಸಿಕ್ಕಿತು, ಸರಿ ಗೌಟೇ ಎಂದು ಸುಮ್ಮನಾದರೆ ಮೋಸ ಹೋಗಬಹುದು. ಅದೇ ನೀರನ್ನು, ರೋಗಾಣು ಇದೆಯಾ ಎಂದು ಬೆಳೆಸಿ ನೋಡುವ ಕಲ್ಚರ್‌ಗೂ ಕಳಿಸಲೇಬೇಕು. ಸೋಂಕು ಇದೆ ಎಂದಾದರೆ ಆಗ ಯೂರಿಕ್ ಆಸಿಡ್ ಇಳಿಯಲಿ ಎಂದು ಕಾಯುವ ಹಾಗಿಲ್ಲ. ತೆರೆದು, ತೊಳೆದು, ಸತ್ತದ್ದನ್ನೆಲ್ಲ ತೆಗೆಯಬೇಕು. ಮೂಳೆಗೂ ಹರಡಿ, ಚರ್ಮವೂ ಹೋಗಿ, ಬೆರಳು ಹೇಗಿದ್ದರೂ ಮರದ ಕಡ್ಡಿಯಂತಾಗಿದ್ದರೆ, ಅಪರೂಪಕ್ಕೆ ಬೆರಳ ತುದಿಯನ್ನೋ ಇಡೀ ಬೆರಳನ್ನೋ ತೆಗೆಯುವುದೇ ಕೈಗೆ ಒಳ್ಳೆಯದು ಎನ್ನುವ ಸಂದರ್ಭ ಬರುತ್ತದೆ. ನಿಮ್ಮ ತಂದೆಯವರು ಅಲ್ಲಿಗೆ ಬಂದಿದ್ದಾರೆ ಎನ್ನುವುದಕ್ಕೆ ಪತ್ರದಲ್ಲಿ ಏನೂ ಇಲ್ಲ. ಸೋಂಕಿಲ್ಲದ ಬಾಯಿ ಎರಡು ತಿಂಗಳಾದರೂ ಮುಚ್ಚದಿದ್ದರೆ, ಅಲ್ಲಿಯ ಗಂಟನ್ನು ತೆಳುವು ಮಾಡಿ ಬಾಯಿ ಮುಚ್ಚುವ ಸಣ್ಣ ಆಪರೇಷನ್ ಮಾಡಬಹುದು. ಅದಕ್ಕೆ ಮೊದಲು ಒಂದು ಎಕ್ಸ್‌ರೇ ಬೇಕು.

ನಡುಬೆರಳು ಮಡಚುವುದಿಲ್ಲ ಅಂದಿರಿ. ಯಾಕೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರ ಎಡಗೈಯಿಂದ ಬಲಗೈ ನಡುಬೆರಳನ್ನು ಮೆಲ್ಲಗೆ ಮಡಚಲು ಹೇಳಿ. ತಾನಾಗಿ ಮಡಚದೆ, ಇನ್ನೊಂದು ಕೈ ಮಡಚಿದಾಗ ಮಡಚಿದರೆ ಕೀಲು ಚೆನ್ನಾಗಿದೆ, ಎಳೆಯುವ ಟೆಂಡನ್‌ಗೆ ಏನೋ ಆಗಿದೆ. ಹರಳು ಟೆಂಡನ್ನಿನ ಎಳೆಗಳ ನಡುವೆಯೇ ನುಗ್ಗಿ ಅದನ್ನು ಪುಡಿಪುಡಿ ಮಾಡಬಲ್ಲದು, ಕವಚದೊಳಗೆ ಸಿಕ್ಕಿಹಾಕಿಕೊಳ್ಳುವಂತೆಯೂ ಮಾಡಬಲ್ಲದು. ಹಗ್ಗ ಪೂರ್ತಿ ಹರಿಯುವ ಮೊದಲು ತೆರೆದು ಶುಚಿ ಮಾಡಿದರೆ ಬೆರಳು ಮತ್ತೆ ಮಡಚುತ್ತದೆ. ಹರಿದ ಮೇಲೆ ಅಂಥ ಪುಡಿ ಪುಡಿಯಾದ ಹಗ್ಗಕ್ಕೆ ಹೊಲಿಗೆ ನಿಲ್ಲುವುದಿಲ್ಲ. ಯಾರು ಮಡಚಿದರೂ ಬೆರಳು ಮಡಚದಿದ್ದರೆ ಒಂದೋ ಗಂಟು ಅಡ್ಡ ಕೂತಿದೆ, ಅಥವಾ ಕೀಲೇ ಸವೆದಿದೆ. ಎಕ್ಸ್‌ರೇ ಹೇಳುತ್ತದೆ. ಗೌಟ್ ತಿಂದ ಮೂಳೆ ಇಲಿ ಕಚ್ಚಿದಂತೆ ಕಾಣುತ್ತದೆ, ಕಚ್ಚಿದ ಜಾಗದ ಅಂಚು ಸೂರಿನಂತೆ ಹೊರಗೆ ಚಾಚಿರುತ್ತದೆ. ಕೀಲಿನ ಸಂದು ಇನ್ನೂ ಉಳಿದಿದ್ದರೆ ಗಂಟು ತೆಗೆದರೆ ಚಲನೆ ಬರಬಹುದು. ಎರಡು ಶಕ್ತಿಯ ಎಕ್ಸ್‌ರೇ ಬಳಸುವ ಹೊಸ ಬಗೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಯೂರಿಕ್ ಆಸಿಡ್ ಹರಳನ್ನು ಬೇರೆ ಬಣ್ಣದಲ್ಲಿ ತೋರಿಸುತ್ತಾರೆ. ಎಲ್ಲೆಲ್ಲಿ ಅಡಗಿದೆ ಎಂದು ಆಪರೇಷನ್‌ಗೆ ಮೊದಲೇ ನೋಡಬಹುದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಕೀಲು ಪೂರ್ತಿ ಹೋಗಿದ್ದರೆ ಚಲನೆ ಕೊಡುವ ಆಸೆ ಬಿಟ್ಟು, ನೋವಿಲ್ಲದ ಗಟ್ಟಿ ಬೆರಳನ್ನು ಕೊಡುವ ಕಡೆ ಹೋಗುತ್ತೇವೆ. ಎರಡು ಮೂಳೆಗಳನ್ನು ಸಣ್ಣ ಸ್ಕ್ರೂ ಅಥವಾ ತಂತಿಯಿಂದ ಸೇರಿಸಿ ಒಂದೇ ಮೂಳೆಯಾಗಿ ಬೆಸೆಯುವುದು. ಮೂಳೆ ತುಂಬ ತಿಂದುಹೋಗಿದ್ದರೆ ಬೇರೆ ಕಡೆಯಿಂದ ಮೂಳೆ ಚೂರು ತಂದು ತುಂಬಬೇಕಾಗುತ್ತದೆ. ಕೂಡಲು ಆರರಿಂದ ಎಂಟು ವಾರ, ಕೆಲವರಿಗೆ ಇನ್ನೂ ಜಾಸ್ತಿ. ಯಾವ ಕೋನದಲ್ಲಿ ಬೆಸೆಯುತ್ತೇವೆ ಎನ್ನುವುದು ಮುಖ್ಯ. ಉಗುರಿನ ಹತ್ತಿರದ ಕೀಲನ್ನು ಹೆಚ್ಚು ಕಡಿಮೆ ನೇರ. ನಡು ಕೀಲನ್ನು ತೋರುಬೆರಳಲ್ಲಿ ಸುಮಾರು 40 ಡಿಗ್ರಿ ಬಾಗಿಸಿ, ಕಿರುಬೆರಳ ಕಡೆ ಹೋದಂತೆ ಜಾಸ್ತಿ ಮಾಡುತ್ತಾ 55ರವರೆಗೆ. ಲೋಟ ಹಿಡಿಯುವಾಗ ನಿಮ್ಮ ಬೆರಳುಗಳನ್ನೇ ನೋಡಿಕೊಳ್ಳಿ, ಯಾಕೆ ಎಂದು ಗೊತ್ತಾಗುತ್ತದೆ. ಉಗುರಿನ ಹತ್ತಿರದ ಕೀಲು ಬೆಸೆದವರು ಕೆಲವೇ ತಿಂಗಳಲ್ಲಿ ಅದನ್ನು ಮರೆತೇ ಬಿಡುತ್ತಾರೆ. ನಡು ಕೀಲನ್ನು ಬೆಸೆದವರು ಮರೆಯುವುದಿಲ್ಲ, ಮುಷ್ಟಿ ಕಟ್ಟುವಾಗೆಲ್ಲ ನೆನಪಾಗುತ್ತದೆ. ಆದ್ದರಿಂದ ಅದಕ್ಕೆ ಅವಸರ ಬೇಡ. ಸಿಲಿಕೋನ್ ಕೀಲು ಹಾಕಬಹುದಲ್ಲ ಎಂದು ಕೇಳುತ್ತೀರಿ. ಗೌಟ್ ತಿಂದ ಮೆತ್ತಗಿನ ಮೂಳೆಯಲ್ಲಿ, ಅದರಲ್ಲೂ ಯೂರಿಕ್ ಆಸಿಡ್ ಹಿಡಿತದಲ್ಲಿ ಇಲ್ಲದವರಿಗೆ, ನನಗೆ ಅದರ ಮೇಲೆ ನಂಬಿಕೆ ಕಡಿಮೆ.

ಇನ್ನು ಆ ಎರಡನೇ ಡಾಕ್ಟರ ಮಾತು, ಗಾಯ ಮಾಯುವುದಿಲ್ಲ ಎಂದದ್ದು. ಅವರ ಭಯಕ್ಕೆ ಕಾರಣ ಇದೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಬೆರಳ ಮೇಲಿನ ಗಂಟೊಂದನ್ನು ಚೂರೂ ಬಿಡದೆ ತೆಗೆದೆ. ನೋಡಲು ಬಲು ಚೊಕ್ಕಟವಾಗಿತ್ತು. ಐದನೇ ದಿನ ಬ್ಯಾಂಡೇಜ್ ಬಿಚ್ಚಿದರೆ ಮೇಲಿನ ಚರ್ಮ ಕಪ್ಪಾಗಿತ್ತು. ಕೆಳಗೆ ಟೆಂಡನ್ ಬೆತ್ತಲೆ. ಬೇರೆ ಕಡೆಯ ಚರ್ಮ ತಂದು ಮುಚ್ಚಬೇಕಾಯಿತು. ಗಂಟಿನ ಮೇಲಿನ ಚರ್ಮ ವರ್ಷಗಟ್ಟಲೆ ಹಿಗ್ಗಿ ಕಾಗದದಂತಾಗಿರುತ್ತದೆ, ಅದರೊಳಗೂ ಹರಳು ಸೇರಿರುತ್ತದೆ, ರಕ್ತ ಓಡಾಟ ಕಡಿಮೆ. ಗಂಟಿಗೆ ಸರಿಯಾದ ಗಡಿ ಅನ್ನುವುದೂ ಇಲ್ಲ. ಕೊಬ್ಬಿನ ಗಡ್ಡೆಯ ಹಾಗೆ ಚೀಲದಿಂದ ಜಾರಿ ಹೊರಗೆ ಬರುವಂಥದ್ದಲ್ಲ ಇದು. ಬೆರಳ ಎರಡೂ ಪಕ್ಕ ಓಡುವ ದಾರದಂಥ ನರ, ರಕ್ತನಾಳಗಳನ್ನು ಸುತ್ತಿಕೊಂಡಿರುತ್ತದೆ. ಪೂರ್ತಿ ತೆಗೆಯುವ ಹಟಕ್ಕೆ ಬಿದ್ದರೆ ಅವೂ ಜೊತೆಗೆ ಹೋಗುತ್ತವೆ.

ಆ ಬೆರಳಾದ ಮೇಲೆ ನಾನು ಪೂರ್ತಿ ತೆಗೆಯುವ ಮಾತೇ ಆಡುವುದಿಲ್ಲ. ಗಾತ್ರ ಇಳಿಸುತ್ತೇನೆ. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು, ಚರ್ಮವನ್ನು ಆದಷ್ಟು ದಪ್ಪಗೆ ಎತ್ತಿ, ಮೊದಲು ನರಗಳನ್ನು ಹುಡುಕಿ ಪಕ್ಕಕ್ಕೆ ಇಟ್ಟು, ಆಮೇಲೆ ಸಣ್ಣ ಚಮಚದಂಥ ಸಾಧನದಿಂದ ಹರಳನ್ನು ಕೆರೆದು ತೆಗೆಯುವುದು. ಟೆಂಡನ್ನಿನ ಒಳಗಿರುವುದನ್ನು ಅಗತ್ಯಕ್ಕಿಂತ ಜಾಸ್ತಿ ಕೆದಕುವುದಿಲ್ಲ. ಅಲ್ಲಿ ಉಳಿದದ್ದನ್ನು ಮಾತ್ರೆ ಕರಗಿಸಲಿ. ಹೊಲಿಗೆ ಸಡಿಲವಾಗಿ ಹಾಕುತ್ತೇನೆ, ಎಳೆದು ಬಿಗಿಯುವುದಿಲ್ಲ. ಕೆಲವರು ಉದ್ದ ಗಾಯವನ್ನೇ ಮಾಡದೆ, ಎರಡು ಸಣ್ಣ ತೂತುಗಳಿಂದ ಕೀಲುಗಳಿಗೆ ಬಳಸುವ ತಿರುಗುವ ಶೇವರ್ ಹಾಕಿ ಒಳಗಿಂದ ಹೆರೆದು ನೀರಿನ ಜೊತೆ ಹೀರಿಬಿಡುತ್ತಾರೆ. ಚರ್ಮ ಉಳಿಯುತ್ತದೆ. ಮೆತ್ತಗಿನ ಗಂಟಿಗೆ, ಬೆರಳ ಬೆನ್ನ ಮೇಲಿನದಕ್ಕೆ ಅದು ಒಳ್ಳೆಯ ದಾರಿ. ನರ ಇರುವ ಪಕ್ಕಗಳಲ್ಲಿ ಕಾಣದೆ ಹೆರೆಯಲು ನನಗೆ ಧೈರ್ಯ ಸಾಲದು.

ಹೀಗೆ ಮಾಡಿದರೂ ಗಾಯದ ಬಾಯಿಂದ ಕೆಲವು ವಾರ ಬಿಳಿ ನೀರು ಜಿನುಗುತ್ತದೆ. ಹೆದರಬೇಡಿ. ಮಾಯುವುದು ಬೇರೆ ಗಾಯಗಳಿಗಿಂತ ನಿಧಾನ, ಆದರೆ ಮಾಯುತ್ತದೆ. ಸಿಗರೇಟು ಬೀಡಿ ಅಭ್ಯಾಸ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು, ಸಕ್ಕರೆ ಕಾಯಿಲೆ ಇದ್ದರೆ ಹಿಡಿತಕ್ಕೆ ತರಬೇಕು. ಇವೆರಡೂ ಮಾಡದೆ ಗಾಯ ಮಾಯಲಿಲ್ಲ ಎಂದು ಸರ್ಜನ್ನನ್ನು ಬೈದರೆ ನಾವೇನು ಮಾಡೋಣ!

ಅರಿವಳಿಕೆಗೆ ಪೂರ್ತಿ ನಿದ್ದೆ ಬೇಕಿಲ್ಲ. ಕಂಕುಳ ಹತ್ತಿರ ಅಥವಾ ಕತ್ತಿನ ಬುಡದಲ್ಲಿ ಇಂಜೆಕ್ಷನ್ ಕೊಟ್ಟು ಕೈಯನ್ನಷ್ಟೇ ಮರಗಟ್ಟಿಸುತ್ತಾರೆ. ಕಿಡ್ನಿ, ಬಿಪಿ ಇರುವವರಿಗೆ ಇದು ವಾಸಿ. ಟೆಂಡನ್ ಕೆಲಸ ಇದ್ದರೆ ಆ ಜಾಗಕ್ಕಷ್ಟೇ ಮದ್ದು ಕೊಟ್ಟು ಎಚ್ಚರವಾಗಿಯೇ ಮಾಡುವುದೂ ಇದೆ. ಮೇಜಿನ ಮೇಲೆ ಮಲಗಿದ್ದಂತೆಯೇ ಬೆರಳು ಮಡಚಿ ಎಂದರೆ ಮಡಚುತ್ತಾರೆ. ಇನ್ನೂ ಎಲ್ಲಿ ಸಿಕ್ಕಿಕೊಂಡಿದೆ ಎಂದು ಆಗಲೇ ಗೊತ್ತಾಗುತ್ತದೆ.

ಆಸ್ಪತ್ರೆಗೆ ಸೇರುವಾಗ ಒಂದು ವಿಷಯ ಗಟ್ಟಿಯಾಗಿ ಕೇಳಿ. ಅಲೋಪುರಿನಾಲ್ ನಿಲ್ಲಿಸಬೇಕಾ ಎಂದು. ನಿಲ್ಲಿಸಬಾರದು. ಆಪರೇಷನ್, ಉಪವಾಸ, ಮೈಯಲ್ಲಿ ನೀರು ಕಡಿಮೆ ಆಗುವುದು, ಎಲ್ಲ ಸೇರಿ ಮೊದಲ ವಾರದಲ್ಲೇ ಕಾಲಿಗೋ ಮೊಣಕಾಲಿಗೋ ಗೌಟ್ ಬರುವುದು ತುಂಬ ಸಾಮಾನ್ಯ. ಆಪರೇಷನ್ ಮಾಡಿದ ಕೈಯಲ್ಲೇ ಬಂದರಂತೂ ಸೋಂಕು ಎಂದು ಎಲ್ಲರೂ ಗಾಬರಿ. ಮುಂಚೆಯೇ ಕಾಲ್ಚಿಸಿನ್ ಕೊಟ್ಟಿದ್ದರೆ ಈ ಫಜೀತಿ ಕಡಿಮೆ. ಕಾಲ್ಚಿಸಿನ್ ಜೊತೆ ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಸೇರಬಾರದು, ವಿಷವಾಗಬಹುದು. ಕಿಡ್ನಿ ಸೋತಿರುವುದರಿಂದ ನೋವಿನ ಮಾತ್ರೆಗಳನ್ನೂ ಕೇಳದೆ ಕೊಡಬೇಡಿ. ತೆಗೆದ ಚೂರನ್ನು ಪರೀಕ್ಷೆಗೆ ಕಳಿಸುವಾಗ ಫಾರ್ಮಲಿನ್‌ನಲ್ಲಿ ಹಾಕಿದರೆ ಹರಳು ಕರಗಿಹೋಗುತ್ತದೆ, ವರದಿಯಲ್ಲಿ ಏನೂ ಸಿಗುವುದಿಲ್ಲ. ಒಂದು ತುಂಡನ್ನು ಶುದ್ಧ ಆಲ್ಕೊಹಾಲ್‌ನಲ್ಲಿ ಕಳಿಸಬೇಕು. ಅನುಭವ ಇರುವ ಸರ್ಜನ್‌ಗೆ ಇದು ಗೊತ್ತಿರುತ್ತದೆ, ಆದರೂ ನೆನಪಿಸಿದರೆ ನಷ್ಟ ಇಲ್ಲ.

ಆಮೇಲಿನ ದಿನಗಳಲ್ಲಿ ಕೈಯನ್ನು ಎದೆಗಿಂತ ಮೇಲೆ ಇಡಬೇಕು. ಬೆರಳು ಬೆಸೆದಿಲ್ಲ, ಟೆಂಡನ್ ಹೊಲಿದಿಲ್ಲ ಎಂದಾದರೆ ಮೂರನೇ ನಾಲ್ಕನೇ ದಿನದಿಂದಲೇ ಬೆರಳು ಆಡಿಸಲು ಶುರು. ನೋವಾಗುತ್ತದೆ ಎಂದು ಸುಮ್ಮನೆ ಇಟ್ಟುಕೊಂಡರೆ ಗಂಟು ಹೋದರೂ ಬೆರಳು ಗಡುಸಾಗಿಯೇ ಉಳಿಯುತ್ತದೆ. ಹೊಲಿಗೆ ಎರಡು ವಾರಕ್ಕೆ, ಚರ್ಮ ತೆಳುವಾಗಿದ್ದರೆ ಇನ್ನೂ ಸ್ವಲ್ಪ ತಡವಾಗಿ ಬಿಚ್ಚುತ್ತೇವೆ.

ಹಾಗಾದರೆ ನಿಮ್ಮ ತಂದೆಯವರಿಗೆ ನಾನು ಮಾಡುವ ಕ್ರಮ ಇದು. ಈ ವಾರ ಬಲಗೈ ಎಕ್ಸ್‌ರೇ, ನರದ ಪರೀಕ್ಷೆ, ಮಣಿಕಟ್ಟಿನ ಅಲ್ಟ್ರಾಸೌಂಡ್, ಜೊತೆಗೆ ಸಕ್ಕರೆ ಮತ್ತು ಕಿಡ್ನಿಯ ರಕ್ತ ಪರೀಕ್ಷೆ. ಸಂಧಿವಾತ ನೋಡುವ ಡಾಕ್ಟರ ಹತ್ತಿರ ಅಲೋಪುರಿನಾಲ್ ಸರಿಯಾಗಿ ಶುರು. ನರ ನಿಜವಾಗಿ ನಲುಗಿದೆ ಎಂದು ಬಂದರೆ ಮಣಿಕಟ್ಟಿನ ಆಪರೇಷನ್ ಮೊದಲು, 9.4 ಇದ್ದರೂ ಸರಿ, ಅದಕ್ಕೆ ಕಾಯುವುದಿಲ್ಲ. ತೋರುಬೆರಳ ಬಾಯನ್ನು ಅದೇ ಸಲದಲ್ಲಿ ಶುಚಿ ಮಾಡಿ ಮುಚ್ಚಬಹುದು, ಸೋಂಕು ಇಲ್ಲದಿದ್ದರೆ ಮಾತ್ರ. ಸೋಂಕಿದ್ದರೆ ಅದನ್ನು ಬೇರೆಯಾಗಿ, ಮೊದಲೇ ಮುಗಿಸಬೇಕು. ನಡುಬೆರಳನ್ನು ಟೆಂಡನ್ ಹರಿಯುವ ಲಕ್ಷಣ ಇಲ್ಲದಿದ್ದರೆ ಆರು ತಿಂಗಳು ಮುಂದಕ್ಕೆ ಹಾಕುತ್ತೇನೆ. ಅಷ್ಟರಲ್ಲಿ ಯೂರಿಕ್ ಆಸಿಡ್ 5ರ ಕೆಳಗೆ ಬಂದಿದ್ದರೆ ಗಂಟು ಸಣ್ಣಗಾಗಿ ಆಪರೇಷನ್ನೂ ಸಣ್ಣದಾಗುತ್ತದೆ. ಕೆಲವೊಮ್ಮೆ ಬೇಡವೇ ಆಗುತ್ತದೆ.

ಎಡಗೈಯ ಗಂಟುಗಳನ್ನು ಮುಟ್ಟುವುದಿಲ್ಲ. ಒಂದೊಂದು ಗಂಟಿನ ಅಳತೆಯನ್ನು ಸ್ಕೇಲಿನಲ್ಲಿ ತೆಗೆದು, ಪಕ್ಕದಲ್ಲಿ ಸ್ಕೇಲ್ ಇಟ್ಟೇ ಮೊಬೈಲಲ್ಲಿ ಫೋಟೋ ತೆಗೆದಿಡಿ. ಮೂರು ತಿಂಗಳಿಗೊಮ್ಮೆ ಅದೇ ಜಾಗದಿಂದ ಮತ್ತೆ ತೆಗೆಯಿರಿ. ದಿನವೂ ಮಾತ್ರೆ ನುಂಗಲು ಬೇಸರ ಮಾಡಿಕೊಳ್ಳುವ ಅಪ್ಪನಿಗೆ ನನ್ನ ಇಷ್ಟುದ್ದ ಉತ್ತರಕ್ಕಿಂತ ಆ ಫೋಟೋಗಳನ್ನು ತೋರಿಸುವುದೇ ಜಾಸ್ತಿ ಕೆಲಸ ಮಾಡುತ್ತದೆ.